ತಂತ್ರಾಂಶದ ದಾಸ್ತಾನಿಗೆ ಲೆಕ್ಕ ಬೇಡವೇ?

ಗೋದಾಮಿನ ಸರಕಿಗೆ ದಾಸ್ತಾನು ಪುಸ್ತಕವಿಡದ ವ್ಯಾಪಾರಿ ವಿರಳ. ಆದರೆ ಅದೇ ಸಂಸ್ಥೆಯ ಬಿಲ್ಲಿಂಗ್ ತಂತ್ರಾಂಶದೊಳಗೆ ಯಾರು ಬರೆದ ಯಾವ ಲೈಬ್ರರಿಗಳಿವೆಯೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ.

ಲಿನಕ್ಸ್ ಸರ್ವರಿಗೆ ಲೈಬ್ರರಿಗಳು ಮುಖ್ಯವಾಗಿ ಎರಡು ಮಾರ್ಗಗಳಿಂದ ಬರುತ್ತವೆ. ಮೊದಲನೆಯದು ಡೆಬಿಯನ್, ರೆಡ್ ಹ್ಯಾಟ್ ಮುಂತಾದ ವಿತರಣೆಗಳ ಭಂಡಾರ. ಇಲ್ಲಿ ಪ್ರತಿ ಪ್ಯಾಕೇಜಿಗೂ ಹೊಣೆಗಾರರಿರುತ್ತಾರೆ. ಆವೃತ್ತಿಯನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಸ್ಥಿರವಾಗಿರಿಸಿ, ಭದ್ರತಾ ದೋಷಗಳನ್ನು ಸರಿಪಡಿಸುತ್ತಾರೆ. ಒಂದೇ ಲೈಬ್ರರಿಯನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುವುದರಿಂದ ಒಮ್ಮೆ ಮಾಡಿದ ತಿದ್ದುಪಡಿ ಅವೆಲ್ಲಕ್ಕೂ ಸಲ್ಲುತ್ತದೆ. ಎರಡನೆಯದು ಆಯಾ ಭಾಷೆಯ ಭಂಡಾರ: ಪೈಥಾನಿಗೆ ಪೈಪಿಐ, ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ. ಇಲ್ಲಿ ಲೇಖಕನೇ ನೇರವಾಗಿ ಪ್ರಕಟಿಸುತ್ತಾನೆ. ಹೊಸ ಆವೃತ್ತಿ ಅಂದೇ ಕೈಸೇರುತ್ತದೆ. ಮೊದಲನೆಯದು ನಂಬಿಕಸ್ಥ ಸಗಟು ವರ್ತಕನ ಅಂಗಡಿಯಾದರೆ, ಎರಡನೆಯದು ತಯಾರಕನಿಂದ ನೇರ ಖರೀದಿ.

ನೇರ ಖರೀದಿಯ ಅಪಾಯ ಕಾಲ್ಪನಿಕವಲ್ಲ. 2016ರ ಮಾರ್ಚ್‌ನಲ್ಲಿ ಲೇಖಕನೊಬ್ಬ 11 ಸಾಲುಗಳ 'ಲೆಫ್ಟ್-ಪ್ಯಾಡ್' ಎಂಬ ಪ್ಯಾಕೇಜನ್ನು ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಅಸಂಖ್ಯ ಯೋಜನೆಗಳ ಕೆಲಸ ನಿಂತಿತು. 2018ರಲ್ಲಿ 'ಇವೆಂಟ್-ಸ್ಟ್ರೀಮ್' ಎಂಬ ಪ್ಯಾಕೇಜಿನ ಉಸ್ತುವಾರಿ ಪಡೆದ ಅಪರಿಚಿತನು ಅದರ ಮೂಲಕ ಬಿಟ್‌ಕಾಯಿನ್ ಕದಿಯುವ ಸಂಕೇತವನ್ನು ಸೇರಿಸಿದನು.

ವಿತರಣೆಗಳ ಭಂಡಾರವೂ ದೋಷಾತೀತವಲ್ಲ. 2024ರಲ್ಲಿ 'ಎಕ್ಸ್‌ಝಡ್' ಲೈಬ್ರರಿಯಲ್ಲಿ ಅಡಗಿಸಿದ್ದ ಕಳ್ಳಬಾಗಿಲು ಡೆಬಿಯನ್ನಿನ ಪರೀಕ್ಷಾ ಆವೃತ್ತಿಯವರೆಗೆ ಬಂದಿತ್ತು. ಆದರೆ ಸ್ಥಿರ ಆವೃತ್ತಿಯನ್ನು ತಲುಪುವ ಮೊದಲೇ ಅದು ಬಯಲಾಯಿತು. ನಿಧಾನವೆಂದು ದೂರಲ್ಪಡುವ ಪದ್ಧತಿಯೇ ಅಂದು ಬಳಕೆದಾರರನ್ನು ಕಾಯ್ದಿತು.

ವಿತರಣೆಗಳ ಲೈಬ್ರರಿಗಳು ಹಳತಾಗಿರುತ್ತವೆಂಬ ತಂತ್ರಜ್ಞರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದಕಾರಣ ಒಂದನ್ನೇ ಆರಿಸಬೇಕಾಗಿಲ್ಲ. ಗಡಿ ನಿಗದಿಪಡಿಸಿದರೆ ಸಾಕು. 2023ರಲ್ಲಿ ಬಂದ ಡೆಬಿಯನ್ 12 ಮಾಡಿದ್ದೂ ಇದನ್ನೇ: ಪೈಥಾನಿನ 'ಪಿಪ್' ಸಾಧನವು ಗಣಕದ ಮೂಲ ವ್ಯವಸ್ಥೆಯೊಳಗೆ ನೇರವಾಗಿ ಪ್ಯಾಕೇಜು ಸ್ಥಾಪಿಸದೆ, ಪ್ರತ್ಯೇಕ ಪರಿಸರವನ್ನು ಬಳಸುವಂತೆ ಸೂಚಿಸುತ್ತದೆ.

ಉದ್ದಿಮೆಗಳೂ ಇದೇ ಕ್ರಮವನ್ನು ಅನುಸರಿಸುವುದು ಲೇಸು. ಕಾರ್ಯಾಚರಣ ವ್ಯವಸ್ಥೆ, ಡೇಟಾಬೇಸ್, ಗೂಢಲಿಪೀಕರಣಗಳು ವಿತರಣೆಯ ಭಂಡಾರದಿಂದಲೇ ಬರಲಿ. ಅಲ್ಲಿ ದೊರೆಯದ್ದನ್ನು ಮಾತ್ರ, ಆವೃತ್ತಿ ನಿಗದಿಪಡಿಸಿ, ಭಾಷೆಯ ಭಂಡಾರದಿಂದ ಪಡೆಯಲಿ. ತಂತ್ರಾಂಶ ಪೂರೈಸುವವರು ಬಿಡಿಭಾಗಗಳ ಪಟ್ಟಿಯನ್ನು ಒಪ್ಪಿಸಬೇಕೆಂಬ ಷರತ್ತು ಕರಾರಿನಲ್ಲಿರಲಿ. ದೋಷ ಕಂಡಾಗ ಸರಿಪಡಿಸುವ ಹೊಣೆ ಯಾರದೆಂಬುದೂ ನಮೂದಾಗಲಿ. ಇಂತಹ ಪಟ್ಟಿಯ ಕುರಿತು ಸರ್ಟ್-ಇನ್ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಖರೀದಿಸಿದ ಸರಕಿಗೆಲ್ಲ ರಸೀದಿ ಕೇಳುವ ವ್ಯಾಪಾರಧರ್ಮವು ಉಚಿತವಾಗಿ ಬಂದ ಸರಕಿಗೂ ಅನ್ವಯಿಸತಕ್ಕದ್ದು. ಬೆಲೆಯಿಲ್ಲದೆ ಬಂದದ್ದಕ್ಕೂ ಹೊಣೆ ಇದ್ದೇ ಇರುತ್ತದೆ.