ದಂತದ ಮಾರುಕಟ್ಟೆಗೆ ಬೀಗ. ಬೀಗದ ಕೈ ಯಾರಲ್ಲಿ?

ಗೋವಿಂದರಾಜನಗರ: ಹುಲಿಯುಗುರಿನ ಪದಕ ಧರಿಸಿದ್ದ ಕಿರುತೆರೆ ಕಾರ್ಯಕ್ರಮದ ಸ್ಪರ್ಧಿಯೊಬ್ಬರನ್ನು 2023ರ ಅಕ್ಟೋಬರಿನಲ್ಲಿ ಅರಣ್ಯಾಧಿಕಾರಿಗಳು ಬಂಧಿಸಿದ ಸುದ್ದಿ ರಾಜ್ಯದಾದ್ಯಂತ ಚರ್ಚೆಗೆ ಗ್ರಾಸವಾಗಿತ್ತು. ತಾತನ ಕಾಲದ ಜಿಂಕೆ ಕೊಂಬು, ಆನೆಯ ಬಾಲದ ಕೂದಲಿನ ಉಂಗುರ, ದಂತದ ಪುಟ್ಟ ಗಣಪತಿ ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ ಎಂಬ ಪ್ರಶ್ನೆ ಎದ್ದದ್ದು ಆಗ. ಮೈಸೂರು, ಕೊಡಗು, ಮಲೆನಾಡುಗಳಿಂದ ಬಂದು ನೆಲೆಸಿದ ಕುಟುಂಬಗಳಿರುವ ಗೋವಿಂದರಾಜನಗರ, ವಿಜಯನಗರದಂಥ ಬಡಾವಣೆಗಳಿಗೆ ಈ ಪ್ರಶ್ನೆ ದೂರದ್ದೇನಲ್ಲ. ಪ್ರಮಾಣಪತ್ರವಿಲ್ಲದ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳ ಗಡುವು ನೀಡಿತು.

ಅಂದಿನ ಗದ್ದಲವೆಲ್ಲ ಹುಲಿಯುಗುರಿನ ಸುತ್ತಲೇ ನಡೆಯಿತು. ಆದರೆ ಇದೇ ಕಾನೂನಿನ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಆನೆಯ ದಂತದ ವಿಷಯದಲ್ಲಿ. ಆ ಪರೀಕ್ಷೆಗೆ ಕರ್ನಾಟಕ ತೆತ್ತ ಬೆಲೆಯೂ ದೊಡ್ಡದು.

ಅರ್ಧ ನಿಷೇಧದ ಐದು ವರ್ಷ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಾಗ ಆನೆಗೆ ಅತ್ಯುನ್ನತ ರಕ್ಷಣೆ ಇರಲಿಲ್ಲ. ಅದನ್ನು ಮೊದಲನೆಯ ಪರಿಚ್ಛೇದಕ್ಕೆ ಸೇರಿಸಿದ್ದು 1977ರಲ್ಲಿ. 1986ರ ತಿದ್ದುಪಡಿಯು ಭಾರತೀಯ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಆದರೆ ಕೆತ್ತನೆಗಾರರ ಹಾಗೂ ವರ್ತಕರ ಹಿತವನ್ನು ನೋಡಿಕೊಂಡು ಆಫ್ರಿಕಾದಿಂದ ಆಮದಾದ ದಂತಕ್ಕೆ ಅವಕಾಶ ಉಳಿಸಲಾಯಿತು.

ತಪ್ಪು ನಡೆದದ್ದು ಇಲ್ಲೇ. ಕೆತ್ತಿದ ಮೇಲೆ ದಂತ ಬಂಡೀಪುರದ್ದೋ ಬೋಟ್ಸ್ವಾನಾದ್ದೋ ಎಂದು ಅಂಗಡಿಯಲ್ಲಿ ನಿಂತ ಅಧಿಕಾರಿ ಕಣ್ಣಳತೆಯಲ್ಲಿ ಹೇಳಲಾರ. ಆಮದಿನ ರಸೀದಿಯೊಂದಿದ್ದರೆ ಕಳ್ಳಬೇಟೆಯ ಮಾಲೂ ಸಕ್ರಮ ಮಾಲಾಗಿಬಿಡುವ ಸಾಧ್ಯತೆಯನ್ನು ಕಾನೂನೇ ಒದಗಿಸಿತ್ತು. 1989ರಲ್ಲಿ ಲೌಸಾನ್‌ನಲ್ಲಿ ನಡೆದ ಸೈಟ್ಸ್ ಸಮಾವೇಶ ಆಫ್ರಿಕಾದ ಆನೆಯನ್ನೂ ಒಂದನೇ ಅನುಬಂಧಕ್ಕೆ ಸೇರಿಸಿ ಅಂತಾರಾಷ್ಟ್ರೀಯ ವ್ಯಾಪಾರವನ್ನು ತಡೆಯಿತು. 1991ರಲ್ಲಿ ಭಾರತವೂ ಆಮದು ದಂತದ ವಹಿವಾಟನ್ನು ನಿಷೇಧಿಸಿತು. ವರ್ತಕರು ನ್ಯಾಯಾಲಯದ ಮೆಟ್ಟಿಲೇರಿದರು. 2003ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತಲ್ಲದೆ, ಅಳಿದುಹೋದ ಮ್ಯಾಮತ್‌ನ ದಂತಕ್ಕೂ ನಿಷೇಧ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ನೋಟಕ್ಕೆ ಒಂದೇ ರೀತಿ ಇರುವ ಎರಡು ವಸ್ತುಗಳಲ್ಲಿ ಒಂದಕ್ಕೆ ಅನುಮತಿ ನೀಡಿದರೆ ಮತ್ತೊಂದನ್ನು ಕಾಯುವುದು ಅಸಾಧ್ಯ ಎಂಬ ಪಾಠವನ್ನು ದೇಶ ಹೀಗೆ ಕಲಿಯಿತು.

ಗೋಪಿನಾಥಂನ ನೆರಳು

ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತ ಬೆಳೆಯುವುದು ಗಂಡಿಗೆ ಮಾತ್ರ. ಗಂಡುಗಳಲ್ಲೂ ದಂತವಿಲ್ಲದ ಮಖ್ನಾಗಳಿವೆ. ಆದ್ದರಿಂದ ಬೇಟೆಗಾರನ ಗುಂಡು ಹಿಂಡಿನಿಂದ ಗಂಡುಗಳನ್ನೇ ಆರಿಸಿ ತೆಗೆಯುತ್ತದೆ. ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಪ್ರಾಯದ ಒಂದು ಗಂಡಿಗೆ ಸುಮಾರು ನೂರು ಹೆಣ್ಣಾನೆಗಳೆಂಬ ಸ್ಥಿತಿ ಬಂದಿತ್ತು. ಆನೆಗಳ ಒಟ್ಟು ಸಂಖ್ಯೆ ನೋಡಿ ಸಮಾಧಾನಪಟ್ಟವರಿಗೆ ಈ ಒಳಗಿನ ಕೊರೆತ ಕಾಣಿಸಲೇ ಇಲ್ಲ.

ಕರ್ನಾಟಕ ಹಾಗೂ ತಮಿಳುನಾಡಿನ ಗಡಿಕಾಡುಗಳಲ್ಲಿ ಈ ಬೇಟೆಗೆ ಹೆಸರಾದವನು ಗೋಪಿನಾಥಂನ ವೀರಪ್ಪನ್. 1986ರಲ್ಲಿ ಸಿಕ್ಕಿಬಿದ್ದ ಆತ ಚಾಮರಾಜನಗರ ಬಳಿಯ ಬೂದಿಪಡಗ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ. ದಂತದಿಂದ ಶ್ರೀಗಂಧಕ್ಕೆ, ಶ್ರೀಗಂಧದಿಂದ ಅಪಹರಣಕ್ಕೆ ಅವನ ದಂಧೆ ಬೆಳೆಯಿತು. ಗೋಪಿನಾಥಂ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರಿನಲ್ಲಿ, ಶರಣಾಗುವ ನೆಪದಲ್ಲಿ ಕರೆಸಿಕೊಂಡು ಕೊಲೆಗೈದ. 2000ದಲ್ಲಿ ಡಾ. ರಾಜ್‌ಕುಮಾರ್ ಅವರ 108 ದಿನಗಳ ಒತ್ತೆಸೆರೆ, 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ ಹಾಗೂ ಸಾವು ನಾಡಿನ ಜನ ಮರೆತಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ.

ಆದರೆ ಒಂದು ಪ್ರಶ್ನೆ ಹಿಂದೆಯೇ ಉಳಿಯಿತು. ಕಾಡಿನಲ್ಲಿ ಬಂದೂಕು ಹಿಡಿದವನ ಹೆಸರು ಮನೆಮಾತಾಯಿತು. ದಂತಕ್ಕೆ ಬೆಲೆ ಕಟ್ಟಿದ, ಸಾಗಿಸಿದ, ಕೊಂಡ ಪಟ್ಟಣದ ಮಂದಿಯ ಹೆಸರುಗಳು ಅಷ್ಟಾಗಿ ಬೆಳಕಿಗೆ ಬರಲಿಲ್ಲ.

ಚೀತಾ ಬಂತು, ಮತ ನಿಂತಿತು

ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆಗಳ ಆನೆಗಳಿಗೆ 1997ರ ಹರಾರೆ ಸಮಾವೇಶದಲ್ಲಿ ನಿರ್ಬಂಧ ಸಡಿಲವಾಯಿತು. ಅದರ ಬೆನ್ನಲ್ಲೇ 1999ರಲ್ಲಿ ಜಪಾನಿಗೆ, 2008ರಲ್ಲಿ ಜಪಾನ್ ಮತ್ತು ಚೀನಾಕ್ಕೆ ದಾಸ್ತಾನು ದಂತದ ಅಧಿಕೃತ ಮಾರಾಟ ನಡೆಯಿತು. ಇಂಥ ಸಡಿಲಿಕೆಗಳನ್ನು ಭಾರತ ದಶಕಗಳ ಕಾಲ ವಿರೋಧಿಸುತ್ತಲೇ ಬಂದಿತ್ತು.

2022ರ ನವೆಂಬರಿನಲ್ಲಿ ಪನಾಮಾದಲ್ಲಿ ಈ ನಿಲುವು ಅಲುಗಿತು. ದಂತ ಮಾರಾಟಕ್ಕೆ ಮತ್ತೆ ದಾರಿ ಮಾಡಿಕೊಡುವ ಪ್ರಸ್ತಾವ ಭಾರೀ ಬಹುಮತದಿಂದ ಬಿದ್ದುಹೋಯಿತು. ಆದರೆ ಭಾರತ ವಿರೋಧಿಸದೆ ಮತದಾನದಿಂದ ದೂರ ಉಳಿಯಿತು. ಅದೇ ವರ್ಷದ ಜುಲೈನಲ್ಲಿ ನಮೀಬಿಯಾದೊಂದಿಗೆ ಚೀತಾ ಒಪ್ಪಂದವಾಗಿತ್ತು, ಸೆಪ್ಟೆಂಬರಿನಲ್ಲಿ ಎಂಟು ಚೀತಾಗಳು ಬಂದಿಳಿದಿದ್ದವು. ಒಪ್ಪಂದದಲ್ಲಿ ದಂತ ಎಂಬ ಶಬ್ದವಿಲ್ಲ. ಜೀವವೈವಿಧ್ಯದ ಸುಸ್ಥಿರ ಬಳಕೆಗೆ ಸೈಟ್ಸ್ ಸೇರಿದಂತೆ ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ಪರಸ್ಪರ ಬೆಂಬಲದ ಮಾತು ಮಾತ್ರ ಇದೆ. ಅಷ್ಟರಿಂದಲೇ ಟೀಕಾಕಾರರ ಸಂದೇಹಕ್ಕೆ ಎಡೆಯಾಯಿತು.

ಆಫ್ರಿಕಾದ ದಕ್ಷಿಣ ರಾಷ್ಟ್ರಗಳ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆನೆಯೊಂದಿಗೆ ಬದುಕುವವರು ತಮ್ಮ ಹಳ್ಳಿಗರು, ಗೋದಾಮಿನಲ್ಲಿರುವ ದಂತ ಮಾರಿದರೆ ಸಂರಕ್ಷಣೆಗೆ ಹಣವಾಗುತ್ತದೆ ಎಂಬುದು ಅವರ ಅಹವಾಲು. ಆದರೆ ಅಧಿಕೃತ ಮಾಲಿನ ಮರೆಯಲ್ಲಿ ಕಳ್ಳಮಾಲು ಹೇಗೆ ಸಾಗಬಲ್ಲದು ಎಂಬುದನ್ನು 1986ರಿಂದ 1991ರವರೆಗೆ ಸ್ವತಃ ಕಂಡ ದೇಶ ನಮ್ಮದು. ಆ ಅನುಭವವನ್ನು ಸಭೆಯ ಮುಂದಿಡಬೇಕಾದ ದೇಶವೇ ಮೌನ ವಹಿಸಿದ್ದು ವಿಷಾದದ ಸಂಗತಿ.

ಒಳಗಿನ ಬಿರುಕುಗಳು

ದೇಶದೊಳಗೂ ಬಿಗಿ ಒಂದೇ ತೆರನಾಗಿಲ್ಲ. ಪ್ರಮಾಣಪತ್ರ ಉಳ್ಳವರೂ ದಂತವನ್ನು ಮಾರುವಂತಿಲ್ಲ, ವಾರಸಿಕೆಯಿಂದಷ್ಟೇ ಅದು ಕೈ ಬದಲಾಯಿಸಬಹುದು. ಆದರೆ ಪ್ರಮಾಣಪತ್ರ ಯಾರಿಗೆ ಹೇಗೆ ದೊರೆಯಿತು ಎಂಬುದೇ ವಿವಾದ. ನೆರೆಯ ಕೇರಳದಲ್ಲಿ ನಟ ಮೋಹನ್‌ಲಾಲ್ ಅವರ ಮನೆಯಲ್ಲಿ 2011ರಲ್ಲಿ ಪತ್ತೆಯಾದ ದಂತಗಳಿಗೆ ನಂತರ ನೀಡಿದ ಪ್ರಮಾಣಪತ್ರಗಳನ್ನು 2025ರ ಅಕ್ಟೋಬರಿನಲ್ಲಿ ಅಲ್ಲಿನ ಹೈಕೋರ್ಟ್ ಅಸಿಂಧುವೆಂದಿತು. 2022ರ ಕಾಯ್ದೆ ತಿದ್ದುಪಡಿಯಾದರೋ ದಂಡದ ಮೊತ್ತವನ್ನು ಏರಿಸಿತು; ಅದೇ ಉಸಿರಿನಲ್ಲಿ ಸಾಕಿದ ಆನೆಗಳನ್ನು 'ಧಾರ್ಮಿಕ ಅಥವಾ ಇತರ ಯಾವುದೇ ಉದ್ದೇಶಕ್ಕೆ' ವರ್ಗಾಯಿಸಲು ದಾರಿ ತೆರೆಯಿತು.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ರಾಜ್ಯ ಕರ್ನಾಟಕ. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜಿನಂತೆ ದೇಶದ 22,446 ಆನೆಗಳ ಪೈಕಿ 6,013 ಇಲ್ಲಿಯೇ ಇವೆ. ಹಾಸನ, ಕೊಡಗುಗಳಲ್ಲಿ ಬೆಳೆಯನ್ನೂ ಜೀವವನ್ನೂ ಕಳೆದುಕೊಳ್ಳುವ ಕುಟುಂಬಗಳ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟು ತಣಿಯದಿದ್ದರೆ ಬೇಲಿಗೆ ಅಕ್ರಮ ವಿದ್ಯುತ್ ಹರಿಯುತ್ತದೆ, ಕಳ್ಳಬೇಟೆಗಾರನಿಗೆ ಊರಿನಲ್ಲಿ ಮಾಹಿತಿದಾರ ಸಿಗುತ್ತಾನೆ. 'ದಂತ ಮಾರಿ ಪರಿಹಾರ ಕೊಡಿ' ಎಂಬ ಆಫ್ರಿಕಾದ ವಾದ ನಾಳೆ ಇಲ್ಲಿಯೂ ಹುಟ್ಟಬಹುದು. ಅದಕ್ಕೆ ಉತ್ತರ ಗೋದಾಮಿನಲ್ಲಿಲ್ಲ. ಸಕಾಲಕ್ಕೆ ಕೈಸೇರುವ ಪರಿಹಾರದಲ್ಲಿದೆ, ಆನೆಗಳ ಓಡಾಟದ ದಾರಿಯನ್ನು ಉಳಿಸುವುದರಲ್ಲಿದೆ.

ಒಂದು ಕಾಲಕ್ಕೆ ದಂತವನ್ನೇ ಕೂರಿಸುತ್ತಿದ್ದ ಮೈಸೂರಿನ ಬೀಟೆಮರದ ಕುಸುರಿ ಕೆಲಸಗಾರರು ಬಣ್ಣಬಣ್ಣದ ಮರದ ಚೂರು, ಪ್ಲಾಸ್ಟಿಕ್‌ಗಳಿಗೆ ಒಗ್ಗಿಕೊಂಡರು. ಕಲೆ ಬದುಕಿತು, ಆನೆಯೂ ಉಳಿಯಿತು. ಕುಶಲಕರ್ಮಿ ಮಾಡಿ ತೋರಿಸಿದ್ದನ್ನು ಸರ್ಕಾರಗಳು ಮಾಡಲಾರವೇ? ಮಾರುಕಟ್ಟೆಯ ಬೀಗದ ಕೈ ಈಗಲೂ ದೆಹಲಿ ಮತ್ತು ಬೆಂಗಳೂರಿನಲ್ಲೇ ಇದೆ. ಮುಂದಿನ ಸಲ ದಂತದ ಪ್ರಸ್ತಾವ ಮತಕ್ಕೆ ಬಂದಾಗ ಭಾರತದ ಕೈ ಏಳುವುದೋ ಇಲ್ಲವೋ ಎಂದು ಕೇಳುವ ಮೊದಲ ಹಕ್ಕು ಅತಿ ಹೆಚ್ಚು ಆನೆಗಳಿರುವ ಈ ರಾಜ್ಯದ್ದು. ಆ ಪ್ರಶ್ನೆಯನ್ನು ನಮ್ಮ ಸಂಸದರು ಇನ್ನಾದರೂ ಕೇಳಬೇಕು.