ನಯನಮೋನಿಯ ಚೆಂಡು, ನಾಲ್ವರ ಚಿನ್ನ

1541ರಲ್ಲಿ, ಎಂಟನೆಯ ಹೆನ್ರಿ ದೊರೆಯ ಆಳ್ವಿಕೆಯಲ್ಲಿ, ಇಂಗ್ಲೆಂಡಿನಲ್ಲಿ ಒಂದು ಕಾನೂನು ಹೊರಟಿತು. ಕೂಲಿಗಾರರು, ಕಸುಬುದಾರರು, ಅಪ್ರೆಂಟಿಸುಗಳು, ಮನೆಯಾಳುಗಳು, ಮೀನುಗಾರರು ಯಾರೂ ಬೌಲ್ಸ್ ಆಟ ಆಡಕೂಡದು. ಕ್ರಿಸ್‌ಮಸ್ ದಿನಗಳಲ್ಲಿ ಮಾತ್ರ ಆಡಬಹುದು. ಅದೂ ಧಣಿಯ ಮನೆಯಲ್ಲಿ, ಇಲ್ಲವೆ ಧಣಿಯ ಕಣ್ಣೆದುರಿನಲ್ಲಿ. ವರ್ಷಕ್ಕೆ ನೂರು ಪೌಂಡು ಹುಟ್ಟುವಳಿಯ ಜಮೀನಿದ್ದವನಾದರೆ ತನ್ನ ತೋಟದೊಳಗೆ ಆಳುಗಳಿಗೆ ಆಟದ ಲೈಸೆನ್ಸು ಕೊಡಬಹುದಾಗಿತ್ತು. ಆಳು ಆಟಕ್ಕಿಳಿದರೆ ದುಡಿಮೆ ಕೆಡುತ್ತದೆಂಬುದು ಆಳುವವರ ಹಳೆಯ ಚಿಂತೆ. ಈ ನಿರ್ಬಂಧ ಹೋದದ್ದು 1845ರಲ್ಲಿ. ಹೆಂಗಸರ ಪಾಡು ಬೇರೆ. 1930ರಲ್ಲೇ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸೇರಿದ ಈ ಆಟದಲ್ಲಿ ಅವರಿಗೆ ಜಾಗ ಸಿಕ್ಕಿದ್ದು 1982ರಲ್ಲಿ.

ಅಂಥ ಆಟದಲ್ಲಿ ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ರೈತ ಮನೆತನದ ಮಗಳು ನಯನಮೋನಿ ಸೈಕಿಯಾ ಚಿನ್ನ ಗೆದ್ದು ಬಂದಳೆಂಬುದು ಸಣ್ಣ ಮಾತಲ್ಲ.

ಆಕೆ ಮೊದಲು ಭಾರ ಎತ್ತುತ್ತಿದ್ದವಳು. ಕಾಲಿಗೆ ಪೆಟ್ಟಾಗಿ ಆ ದಾರಿ ಮುಚ್ಚಿತು. 2008ರಲ್ಲಿ ಲಾನ್ ಬೌಲ್ಸ್ ಹಿಡಿದಳು. ಆಗ ಈ ದೇಶದಲ್ಲಿ ಆ ಹೆಸರು ಕೇಳಿದವರೇ ವಿರಳ. 2011ರ ರಾಂಚಿ ರಾಷ್ಟ್ರೀಯ ಕೂಟದಲ್ಲಿ ಗೆದ್ದಳು. ರಾಜ್ಯದ ಅರಣ್ಯ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಆಟ ಉಳಿದದ್ದು ಈ ಸಂಬಳದ ಆಸರೆಯಲ್ಲಿ.

ಆಟದ ರೀತಿಯನ್ನೂ ಹೇಳಬೇಕು. ಜ್ಯಾಕ್ ಎಂಬ ಪುಟ್ಟ ಚೆಂಡು 23 ಮೀಟರಿಗೂ ಆಚೆ ಹುಲ್ಲಿನ ಮೇಲೆ ಕುಳಿತಿರುತ್ತದೆ. ಒಂದೂವರೆ ಕಿಲೋದಷ್ಟು ತೂಗುವ ದೊಡ್ಡ ಚೆಂಡನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ದೊಡ್ಡ ಚೆಂಡು ಪೂರಾ ದುಂಡಗಿಲ್ಲ. ಒಂದು ಪಕ್ಕಕ್ಕೆ ವಾಲುವಂತೆ ಮಾಡಿರುತ್ತಾರೆ. ವೇಗ ಇಳಿದಂತೆಲ್ಲ ಹೆಚ್ಚು ಬಾಗುತ್ತದೆ. ಆದ್ದರಿಂದ ಗುರಿಯತ್ತ ನೇರ ಎಸೆದವನು ಸೋತ. ಗುರಿಯ ಪಕ್ಕಕ್ಕೆ ನೋಡಿ ಎಸೆಯಬೇಕು. ಹುಲ್ಲು ಒದ್ದೆಯೋ ಒಣಗಿದೆಯೋ ಎಂಬುದು ಅಂಗೈಗೆ ತಿಳಿಯಬೇಕು. ಇದು ಮುದುಕರ ಕಾಲಕ್ಷೇಪವೆಂದು ನಗುವವರು ಒಂದು ಮಧ್ಯಾಹ್ನ ಬಗ್ಗಿ ಎದ್ದು ನೋಡಲಿ.

ನಾಲ್ವರ ಆಟದಲ್ಲಿ ಪ್ರತಿಯೊಬ್ಬಳಿಗೂ ಎರಡೇ ಚೆಂಡು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಮೊದಲ ಸರದಿ ಜಾರ್ಖಂಡ್ ಪೊಲೀಸಿನ ಲವ್ಲಿ ಚೌಬೆಯದು. ಎರಡನೆಯವಳು ದೆಹಲಿಯ ಶಾಲೆಯ ವ್ಯಾಯಾಮ ಶಿಕ್ಷಕಿ ಪಿಂಕಿ, ಮೂರನೆಯವಳು ನಯನಮೋನಿ. ಕೊನೆಯ ಚೆಂಡು, ನಾಯಕಿಯ ಹೊಣೆ, ಜಾರ್ಖಂಡಿನ ಕ್ರೀಡಾ ಅಧಿಕಾರಿ ರೂಪಾರಾಣಿ ತಿರ್ಕಿಯದು. ಲವ್ಲಿ ಓಟಗಾರ್ತಿಯಾಗಿದ್ದವಳು, ಪಿಂಕಿ ಕ್ರಿಕೆಟ್ ಆಡಿದವಳು, ರೂಪಾರಾಣಿ ಕಬಡ್ಡಿಯವಳು. ಪಿಂಕಿ, ರೂಪಾರಾಣಿ ಇಬ್ಬರೂ 2010ರ ದೆಹಲಿ ಕೂಟದಲ್ಲೇ ಆಡಿದ್ದರು. ಅಂದಿನಿಂದ 12 ವರ್ಷ!

ಸೆಮಿಫೈನಲಿನಲ್ಲಿ ನ್ಯೂಜಿಲೆಂಡಿನೆದುರು 0-5 ಹಿಂದೆ ಬಿದ್ದವರು 16-13ರಲ್ಲಿ ಗೆದ್ದರು. ಆಗಸ್ಟ್ 2ರಂದು ಲೆಮಿಂಗ್ಟನ್ ಸ್ಪಾದ ವಿಕ್ಟೋರಿಯಾ ಪಾರ್ಕಿನಲ್ಲಿ ಫೈನಲು. ಆರಂಭದ ಮುನ್ನಡೆಯನ್ನು ದಕ್ಷಿಣ ಆಫ್ರಿಕಾ ಕರಗಿಸಿಬಿಟ್ಟಿತು. ಆದರೂ ನಮ್ಮವರ ಕೈ ನಡುಗಲಿಲ್ಲ. 17-10. ಲಾನ್ ಬೌಲ್ಸಿನಲ್ಲಿ ಭಾರತಕ್ಕೆ ಅದುವರೆಗೆ ಒಂದು ಕಂಚೂ ಬಂದಿರಲಿಲ್ಲ.

ಮರುದಿನ ಪತ್ರಿಕೆಗಳೆಲ್ಲ "ಯಾರಿವರು?" ಎಂದು ಬೆರಗುಗೊಂಡವು. ಬೆರಗುಪಡುವವರಿಗೆ ನಾಚಿಕೆಯಾಗಬೇಕಿತ್ತು. ಬಂಡವಾಳಗಾರರ ಜಾಹೀರಾತಿನ ಹಣ ಕ್ರಿಕೆಟಿನ ಹಿಂದೆ ಓಡುತ್ತಿದ್ದಾಗ ಈ ಹೆಣ್ಣುಮಕ್ಕಳು ಬದುಕಿದ್ದು ಪೊಲೀಸು, ಕಾಡು, ಶಾಲೆ, ಕ್ರೀಡಾ ಕಚೇರಿಗಳ ತಿಂಗಳ ಸಂಬಳದಿಂದ. ಕೆಲಸದ ಭದ್ರತೆಯಿಂದ ಸೋಮಾರಿತನ ಬೆಳೆಯುತ್ತದೆಂದು ಉಪದೇಶಿಸುವ ಮಾಲೀಕರು ಈ ನಾಲ್ವರ ಹಾಜರಿ ಪುಸ್ತಕ ನೋಡಲಿ. ಸಂಬಳ ಕತ್ತರಿಸದೆ ರಜೆ ಕೊಟ್ಟರೆ ದುಡಿಯುವವಳು ಏನು ಮಾಡಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದಿನಗೂಲಿಯ, ಗುತ್ತಿಗೆಯ ಹುಡುಗಿಗೆ ಆ ರಜೆ ಎಲ್ಲಿದೆ? ಪಾಳಿ ಮುಗಿಸಿ ಬಂದವಳಿಗೆ ಅಭ್ಯಾಸಕ್ಕೆ ತ್ರಾಣವೆಲ್ಲಿದೆ? ಹೆನ್ರಿಯ ಕಾನೂನು ಹೋಯಿತು, ಗಡಿಯಾರ ಉಳಿದಿದೆ.

ಇನ್ನೊಂದು ವಿಚಾರ. 2022ನೆಯ ಸಾಲಿನ ಅರ್ಜುನ ಪ್ರಶಸ್ತಿ ನಯನಮೋನಿಗೆ ಬಂತು, 2023ರದು ಪಿಂಕಿಗೆ. ಸಂತೋಷ. ಆದರೆ ಮೊದಲ ಚೆಂಡು ಚೆನ್ನಾಗಿ ಬೀಳದಿದ್ದರೆ ಮೂರನೆಯವಳ ಜಾಣ್ಮೆ ಏನು ಮಾಡೀತು? ನಾಲ್ವರು ಸೇರಿ ಕೆಡವಿದ ಹಣ್ಣನ್ನು ವರ್ಷಕ್ಕೊಬ್ಬರಂತೆ ಹಂಚುವ ಲೆಕ್ಕ ನಮಗೆ ಅರ್ಥವಾಗುವುದಿಲ್ಲ.

2026ರ ಗ್ಲಾಸ್ಗೋ ಕೂಟದ ಪಟ್ಟಿಯಿಂದ ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗುಗಳನ್ನು ತೆಗೆದುಹಾಕಿದರು, ಬೌಲ್ಸ್ ಉಳಿಯಿತು. ಇದನ್ನು ಕಂಡು ಊರೂರಿಗೆ ದುಬಾರಿ ಹುಲ್ಲುಹಾಸು ಬೆಳೆಸಿರೆಂದು ನಾವು ಕೇಳುವುದಿಲ್ಲ. ಈ ನಾಲ್ವರನ್ನು ಮೊದಲು ಬೆಳೆಸಿದ್ದು ಓಟದ ಹಾದಿ, ಕಬಡ್ಡಿಯ ಅಂಗಳ, ಭಾರ ಎತ್ತುವ ಕೋಣೆ. ಅವುಗಳಿಗೆ ಬೇಕಾದಷ್ಟು ನೆಲವನ್ನು ಪುರಸಭೆಗಳು ಸಂತೆಕಟ್ಟೆಗೂ ಮಳಿಗೆಗೂ ಹರಾಜು ಹಾಕದೆ ಬಿಡಲಿ. ಆಟಗಾರರಿಗೆ ಸಂಬಳ ಸಹಿತ ರಜೆಯ ನಿಯಮ ಗುತ್ತಿಗೆ ನೌಕರರಿಗೂ ಅನ್ವಯಿಸಲಿ.