ಯಾವ ಟೆಸ್ಟ್ ಮಾಡೀರಿ ಸಾಹೇಬ್ರೇ?

ಬರಹ ಉದ್ದ ಅದ, ಪೂರ್ತಿ ಓದ್ರಿ.

"ನೀರು ಟೆಸ್ಟ್ ಮಾಡಿಸೀವಿ, ಕುಡಿಯಾಕ ಯೋಗ್ಯ ಅದ." ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕಿನ ಕೇರಿ, ತಾಂಡಾಗಳ ನೀರಿನ ಬಗ್ಗೆ ಯಾವ ಅಧಿಕಾರಿಗೆ ಕೇಳಿದರೂ ನನಗೆ ಸಿಕ್ಕಿದ್ದು ಇದೊಂದೇ ಉತ್ತರ. ಯಾವ ಟೆಸ್ಟ್ ಅಂತ ಮರುಪ್ರಶ್ನೆ ಹಾಕಿದರೆ ಮುಖ ಮುಖ ನೋಡ್ತಾರೆ.

ಜಲ ಜೀವನ್ ಮಿಷನ್‌ನಲ್ಲಿ ಪಂಚಾಯ್ತಿಗೆ ಒಂದು ಕಿಟ್ ಪೆಟ್ಟಿಗೆ ಕೊಟ್ಟಾರೆ. ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ತರಬೇತಿ ಅಂತ ಲೆಕ್ಕ. ಆ ಪೆಟ್ಟಿಗೆಯಿಂದ ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಗೊತ್ತಾಗ್ತವೆ. ಸೀಸ, ಕ್ಯಾಡ್ಮಿಯಂ, ಪಾದರಸ ಅದರಲ್ಲಿ ಗೊತ್ತಾಗಲ್ಲ. ಆರ್ಸೆನಿಕ್‌ಗೆ ಬೇರೆಯದೇ ಕಿಟ್ ಬೇಕು. ಲೋಹದ ಲೆಕ್ಕ ಸರಿಯಾಗಿ ಸಿಗಬೇಕಂದ್ರೆ ಆಸಿಡ್ ಹಾಕಿದ ಬಾಟಲಿಯಲ್ಲಿ ನೀರು ತುಂಬಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು. ಅಂದ್ರೆ ಹುಡುಕದೇ ಇರೋದನ್ನ "ಇಲ್ಲ" ಅಂತ ಬರೆದು ನಮ್ಮ ಕೈಗೆ ಕೊಡಲತ್ತಾರ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ದಾಟಬಾರದು. ಸೀಸಕ್ಕೂ ಅದೇ ಮಿತಿ. ಕ್ಯಾಡ್ಮಿಯಂ 3, ಪಾದರಸ 1. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. "ಕಾಸಿ ಕುಡೀರಿ" ಅಂತ ಹೇಳೋರಿಗೊಂದು ಮಾತು: ಕಾಸಿದರೆ ಹುಳ ಸಾಯ್ತವೆ, ಲೋಹ ಸಾಯಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಮಂದ ಆಗ್ತದೆ.

ಇದು ಬಂಗಾಳದ ಕಥೆ, ನಮ್ಮದಲ್ಲ ಅನ್ನಬೇಡ್ರಿ. ನಮ್ಮದೇ ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ನೆನಪು ಮಾಡ್ಕೊಳ್ರಿ. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ (ಕರಾವಳಿಯ ಮಂಗಳೂರಲ್ಲ). ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತವರ ಸಂಗಡಿಗರು ಅಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. 59 ಕೊಳವೆಬಾವಿಗಳ ನೀರು ನೋಡಿದರೆ ನೂರಕ್ಕೆ 79ರಲ್ಲಿ ಆರ್ಸೆನಿಕ್ ಮಿತಿ ದಾಟಿತ್ತು. ಒಂದರಲ್ಲಿ 303 ಮೈಕ್ರೋಗ್ರಾಂ, ಮಿತಿಯ ಮೂವತ್ತು ಪಟ್ಟು! ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ಗುರುತು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರೂ ಪಾರಾಗಿರಲಿಲ್ಲ. ಚಿನ್ನ ಎಲ್ಲಿಗೆ ಹೋಯ್ತೋ, ಗಣಿಯ ಬಗಲಿನ ನೀರು ಮಾತ್ರ ಲಂಬಾಣಿ ತಾಂಡಾದ ಪಾಲಿಗೆ ಬಂತು.

ಆ ಗುರುತು ಹ್ಯಾಂಗಿರ್ತದ? ಎದೆ, ಬೆನ್ನ ಮೇಲೆ ಮಳೆಹನಿ ಬಿದ್ದಂಥ ಕರಿ ಚುಕ್ಕೆ, ಬಿಳಿ ಚುಕ್ಕೆ. ಅಂಗೈ, ಅಂಗಾಲಿನಲ್ಲಿ ಗಂಟುಗಂಟಾಗಿ ಗಡಸಾದ ಚರ್ಮ. ಇವತ್ತು ಕುಡಿದು ನಾಳೆ ಬರೋದಲ್ಲ, ವರ್ಷಗಟ್ಟಲೆ ಕುಡಿದ ಮೇಲೆ ಬರ್ತದೆ. ಮುಂದೆ ಕೈಕಾಲು ಜೋಮು, ಆಮೇಲೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್. ಇಲ್ಲೇ ನನ್ನ ಸಿಟ್ಟು. ಗಡಸಾದ ಅಂಗೈ ತೋರಿಸಿದರೆ ನಮ್ಮವರಿಗೆ ಸಿಗೋ ಮಾತು ಏನು? "ಕೂಲಿ ಮಾಡೋರ ಕೈ ಹಂಗೇ ಇರ್ತದ." ಒಂದು ಮುಲಾಮು ಬರೆದು ಕಳಿಸ್ತಾರೆ. ಗುದ್ದಲಿ ಹಿಡಿಯೋ ಕೈ ಗಡಸಾಗ್ತದೆ, ಒಪ್ಪೋಣ. ಎರಡೂ ಅಂಗೈ, ಎರಡೂ ಅಂಗಾಲು ಒಂದೇ ಥರ ಗಂಟು ಕಟ್ಟಿದರೆ "ಯಾವ ಬೋರಿನ ನೀರು ಕುಡೀತೀಯಪ್ಪ" ಅಂತ ಕೇಳಬೇಕಾದ್ದು ಡಾಕ್ಟರ ಕೆಲಸ ಅಲ್ಲೇನ್ರಿ?

ಸೀಸದ ಕಥೆ ಇನ್ನೂ ಕೆಟ್ಟದ್ದು. ಅದಕ್ಕೆ ಸುರಕ್ಷಿತ ಮಟ್ಟ ಅಂತ ಗೊತ್ತಾದದ್ದೇ ಇಲ್ಲ. ಮಕ್ಕಳ ಮಿದುಳಿಗೆ ಕೈ ಹಾಕ್ತದೆ. ದೇಹದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದಷ್ಟೂ ಹೆಚ್ಚು ಹೀರಿಕೊಳ್ತದೆ. ತಾಯಿಯ ಎಲುಬಿನಲ್ಲಿ ಕೂತಿದ್ದು ಬಸುರಿಯಾದಾಗ ಹೊರಬಂದು ಹೊಟ್ಟೆಯೊಳಗಿನ ಕೂಸಿಗೆ ಮುಟ್ತದೆ. ರಕ್ತ ಕಮ್ಮಿ ಇರೋ ಹೆಣ್ಣುಮಕ್ಕಳು ಯಾವ ಓಣಿಯಲ್ಲಿ ಹೆಚ್ಚು ಅಂತ ಯಾವ ಆಶಾ ಕಾರ್ಯಕರ್ತೆಯನ್ನಾದರೂ ಕೇಳ್ರಿ.

ಇನ್ನೊಂದು ಲೆಕ್ಕ. ನೀರಿನ ಮಿತಿ ಹಾಕುವಾಗ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ 60 ಕಿಲೋ ತೂಕದ, ದಿನಕ್ಕೆ 2 ಲೀಟರ್ ಕುಡಿಯೋ ಮನುಷ್ಯನನ್ನ ಇಟ್ಕೊಳ್ತದೆ. ಮೇ ತಿಂಗಳ ಬಿಸಿಲಾಗ ನರೇಗಾ ಕೆಲಸಕ್ಕೆ ಹೋಗೋ 45 ಕಿಲೋ ತೂಕದ ನಮ್ಮ ಅಕ್ಕ ಎರಡೇ ಲೀಟರ್ ಕುಡೀತಾಳೇನು?

ಹುಮನಾಬಾದ್ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ವಾಸನೆ, ಹೊಲಸು ನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳವರು ವರ್ಷಗಳಿಂದ ದೂರು ಹೇಳಲತ್ತಾರ. ಅಲ್ಲಿನ ಬೋರುಗಳಲ್ಲಿ ಲೋಹ ಅದ ಅಂತ ನಾನು ತೀರ್ಪು ಕೊಡ್ತಿಲ್ಲ. ಒಂದೊಂದು ಬೋರನ್ನೂ ಲೋಹಕ್ಕಾಗಿ ಪರೀಕ್ಷಿಸಿ, ಫಲಿತಾಂಶ ಪಂಚಾಯ್ತಿ ಗೋಡೆ ಮೇಲೆ ಬರೀರಿ ಅಂತ ಕೇಳಲತ್ತೀನಿ. ನಳ ಹಾಕಿಸೀವಿ ಅಂತ ಹೇಳಬೇಡ್ರಿ, ಎಷ್ಟೋ ಊರಲ್ಲಿ ನಳದ ಹಿಂದಿರೋದು ಅದೇ ಬೋರು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 500 ಕೋಟಿ ಅಂತ ಹೇಳಿ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಕಟ್ಟಲಿ, ಬೇಡ ಅನ್ನಲ್ಲ, ಹರಳಯ್ಯನ ಊರು ಅದು. ಆದರೆ ಹರಳಯ್ಯನ ಕೇರಿಯ ನೀರಿನ ಬಾಟಲಿ ಲ್ಯಾಬಿಗೆ ಕಳಿಸೋಕೆ ರೊಕ್ಕ ಇಲ್ಲ ಅಂದ್ರೆ ನಾವು ಕೇಳಬೇಕಾಗ್ತದೆ.

1927ರಲ್ಲಿ ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟೋ ಹಕ್ಕಿಗಾಗಿ ನಿಂತರು. ಈಗ ನಮಗೆ ಇನ್ನೊಂದು ಹತಾರ ಅದ, ನಮ್ಮವರೇ ಅದನ್ನ ಮರೆತಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಂ ಓದ್ರಿ. ದಲಿತರು, ಆದಿವಾಸಿಗಳು ಬಳಸೋ ನೀರಿನ ಮೂಲವನ್ನ ಹೊಲಸು ಮಾಡಿ ಬಳಕೆಗೆ ಬಾರದಂಗೆ ಮಾಡೋದೂ ಅದರಲ್ಲಿ ಅಪರಾಧ. ಬಾವಿಗೆ ಹೊಲಸು ಹಾಕಿದವನ ಮೇಲೆ ಕೇಸ್ ಹಾಕ್ತೀವಿ. ಪೈಪ್ ಹಾಕಿ ಭೂಮಿಯೊಳಗೆ ಬಿಟ್ಟವನಿಗೆ ಬರೀ ನೋಟಿಸ್ ಯಾಕ?

ಮುಂದಿನ ಗ್ರಾಮಸಭೆಗೆ ಪ್ರತಿ ಊರಿಂದ ಒಂದು ಅರ್ಜಿ ಬೀಳಬೇಕು: ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಐದಕ್ಕೂ ಲಿಖಿತ ಫಲಿತಾಂಶ ಕೊಡಿ ಅಂತ. ಸ್ವೀಕೃತಿ ತಗೊಳ್ಳದೇ ಎದ್ದು ಬರಬ್ಯಾಡ್ರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕೋಣ. ಅರ್ಜಿ ನಮೂನೆ ಬೇಕಾದವರು ಊರಿನ ಹೆಸರು ಹಾಕಿ ಇನ್‌ಬಾಕ್ಸ್ ಮಾಡ್ರಿ.